ಶಿಲ್ಪಚರಿತ್ರಕಾರ ಜೇಮ್ಸ್ ಫರ್ಗ್ಯುಸನ್ನರು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಮೂರು ಗರ್ಭಗುಡಿಗಳುಳ್ಳ ಕೇದಾರೇಶ್ವರ ದೇವಸ್ಥಾನವಿರುವುದನ್ನೂ, ಸೊರಬ ತಾಲ್ಲೂಕಿನಲ್ಲಿ ಆನವಟ್ಟಿಗೆ ಸಮೀಪದ ಕುಬಟೂರಿನ ಕೈಟಭೇಶ್ವರ ಗುಡಿಯಲ್ಲಿ ತಿರುಗಣೆಗೆ ಕೊಟ್ಟು ಕಡೆದ ಕಂಬಗಳು ನುಣುಪಾಗಿ ಹೊಳೆಯುತ್ತಿರುವುದನ್ನೂ ಈ ಸಂಚಿಕೆಯನ್ನು ಓದುವ ತಾಯಿತಂದೆಗಳಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅನೇಕರು ಬಲ್ಲರು. ಈ ಗುಡಿಗಳು ಎದ್ದ ಮೇಲೆ ಬಹುಕಾಲ ಕಳೆಯುವುದರೊಳಗಾಗಿ ಯೂರೋಪು ಖಂಡದಲ್ಲಿ ಗಾಥಿಕ್ ಎಂಬ ಹೆಸರಿನ ಮಹಾ ಕೆಥೀಡ್ರಲುಗಳು ಏಳತೊಡಗಿದವು. ಅವುಗಳ ಪಟಗಳನ್ನು ಇತಿಹಾಸದ ಪುಸ್ತಕಗಳಲ್ಲಿ ನೋಡದವರು ವಿರಳ. ಆದರೆ ಇಲ್ಲಿನ ಕಲ್ಲನ್ನೂ ಅಲ್ಲಿನ ಕಲ್ಲನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಬಹುದೆಂಬ ಯೋಚನೆ ಬಹುಕಾಲ ಯಾರಿಗೂ ಹೊಳೆದಿರಲಿಲ್ಲ. ಆ ಕಾರ್ಯವನ್ನು ಕೈಕೊಂಡು, ಪ್ರಪಂಚದ ಸಮಸ್ತ ದೇಶಗಳ ಕಟ್ಟಡಗಳಿಗೂ ಒಂದೇ ಚರಿತ್ರೆಯನ್ನು ಬರೆದವರು ಜೇಮ್ಸ್ ಫರ್ಗ್ಯುಸನ್ ಎಂಬ ಸ್ಕಾಟ್ಲೆಂಡಿನ ಮಹಾಶಯರು. ಅವರು ಶಿಲ್ಪಿಗಳಲ್ಲ, ವಿಶ್ವವಿದ್ಯಾಲಯದಲ್ಲಿ ಓದಿದ ಪಂಡಿತರೂ ಅಲ್ಲ, ನೀಲಿಯ ವ್ಯಾಪಾರಿಗಳು. ಅವರ ಬಾಳಿನಲ್ಲಿ ಮೆಚ್ಚತಕ್ಕದ್ದು ಬಹಳವಿದೆ; ಮೆಚ್ಚಲಾಗದುದೂ ಒಂದಿದೆ. ಎರಡನ್ನೂ ಹೇಳುವುದೇ ನ್ಯಾಯ.

ಫರ್ಗ್ಯುಸನ್ನರು ೧೮೦೮ನೆಯ ಇಸವಿ ಜನವರಿ ೨೨ರಂದು ಸ್ಕಾಟ್ಲೆಂಡಿನ ಏರ್ ಎಂಬ ಪಟ್ಟಣದಲ್ಲಿ ಹುಟ್ಟಿದರು. ತಂದೆಯವರು ಸೈನ್ಯದಲ್ಲಿ ಹೆಸರಾದ ವೈದ್ಯರು. ಬಾಲಕನು ಎಡಿನ್‌ಬರೋ ನಗರದ ಹೈಸ್ಕೂಲಿನಲ್ಲಿಯೂ ಆಮೇಲೆ ಲಂಡನ್ನಿಗೆ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿಯೂ ಓದಿದನು. ಅಲ್ಲಿಗೆ ಅವನ ಶಾಲೆಯ ಓದು ಮುಗಿಯಿತು. ಮನೆಯವರಿಗೆ ಸಂಬಂಧವಿದ್ದ ವ್ಯಾಪಾರದ ಕೋಠಿಯೊಂದು ಕಲ್ಕತ್ತೆಯಲ್ಲಿದ್ದುದರಿಂದ ತರುಣನನ್ನು ಅಲ್ಲಿಗೆ ಕಳುಹಿಸಿದರು. ಸ್ವಲ್ಪ ಕಾಲದಲ್ಲಿಯೇ ಅವರು ಸ್ವಂತವಾಗಿ ನೀಲಿಯ ಕಾರ್ಖಾನೆಯನ್ನು ಹೂಡಿ, ಸುಮಾರು ಹತ್ತು ವರ್ಷಗಳಲ್ಲಿ, ಮುಂದೆ ದುಡಿಯಬೇಕಾದ ಅಗತ್ಯವಿಲ್ಲದಷ್ಟು ಹಣವನ್ನು ಕೂಡಿಸಿದರು. ಬಂಗಾಳದ ನೀಲಿಯೆಂದರೆ ಸಾಮಾನ್ಯವಾದ ಬೆಳೆಯಲ್ಲ. ಬಡರೈತರನ್ನು ಮುಂಗಡದ ಸಾಲದಲ್ಲಿ ಕಟ್ಟಿಹಾಕಿ ಬೆಳೆಯಿಸಿದ ಬೆಳೆ. ೧೮೫೯ರಲ್ಲಿ ಆ ರೈತರು ತಿರುಗಿಬಿದ್ದ ಕಥೆ ಚರಿತ್ರೆಯಲ್ಲಿದೆ. ಮುಂದೆ ಬಂದ ಗ್ರಂಥಗಳಿಗೆಲ್ಲ ಮೂಲಧನವು ಅಂಥ ಬೆಳೆಯಿಂದ ಬಂದುದೆಂಬುದನ್ನು ಮರೆಯಲಾಗದು.

ಹಣ ಕೈಗೂಡಿದ ಮೇಲೆ ಇತರ ಸಾಹೇಬರಂತೆ ಅವರು ಬೇಟೆಗೂ ಹೋಗಲಿಲ್ಲ, ಕೂಡಲೇ ಸ್ವದೇಶಕ್ಕೂ ಹೊರಡಲಿಲ್ಲ. ೧೮೩೫ರಿಂದ ೧೮೪೨ರವರೆಗಿನ ವರ್ಷಗಳಲ್ಲಿ ಉತ್ತರದ ಬಯಲು, ರಾಜಪುತ್ರರ ನಾಡು, ಒರಿಸ್ಸ, ಮದರಾಸಿನ ಕರಾವಳಿ, ದಕ್ಷಿಣಾಪಥದ ಗುಹೆಗಳು, ಹೀಗೆ ಸಾವಿರಾರು ಮೈಲಿ ಸುತ್ತಿದರು. ರೈಲು ಇಲ್ಲದ ಕಾಲ. ಪಲ್ಲಕ್ಕಿ, ಒಂಟೆ, ಕುದುರೆ, ದೋಣಿಗಳೇ ಗತಿ. ಕೈಯಲ್ಲಿ ಕ್ಯಾಮೆರಾ ಲೂಸಿಡಾ ಎಂಬ ಸಣ್ಣ ಉಪಕರಣವೊಂದು ಇತ್ತು. ಕಂಬಿಯ ತುದಿಗೆ ಸಿಕ್ಕಿಸಿದ ಗಾಜಿನ ಪಟ್ಟಕದ ಮೂಲಕ ನೋಡಿದರೆ ಎದುರಿನ ಕಟ್ಟಡದ ಬಿಂಬವು ಕಾಗದದ ಮೇಲೆ ಬಿದ್ದಂತೆ ತೋರುವುದು. ಅದರ ಗೆರೆಯನ್ನೇ ಸೀಸದ ಕಡ್ಡಿಯಿಂದ ತಿದ್ದಿಕೊಂಡು ಹೋಗಬಹುದು. ಹೀಗೆ ಗುಡಿ, ಮಸೀದಿ, ಸ್ತೂಪ, ಅರಮನೆಗಳ ಅಳತೆಗಳನ್ನೂ ರೂಪಗಳನ್ನೂ ಅವರು ಸಂಗ್ರಹಿಸುತ್ತ ಬಂದರು.

ಆ ಸಂಚಾರದಲ್ಲಿ ಅವರಿಗೆ ಎರಡು ವಿಷಯಗಳು ಖಚಿತವಾದುವು. ಶಾಸನವಿಲ್ಲದ ಕಟ್ಟಡದ ಕಾಲವನ್ನು ಅದರ ಕಂಬ, ಬೋದಿಗೆ, ಅಚ್ಚುಗಳ ರೀತಿಯಿಂದಲೇ ಗೊತ್ತುಮಾಡಬಹುದೆಂಬುದು ಒಂದು. ಎರಡನೆಯದು ಇದಕ್ಕಿಂತ ದೊಡ್ಡದು. ಇಂಗ್ಲೆಂಡಿನಲ್ಲಿ ಯಾರಿಗೂ ಕಾಣಸಿಗದಿದ್ದ ದೃಶ್ಯವೊಂದು ಅವರಿಗೆ ಹಿಂದೂಸ್ಥಾನದಲ್ಲಿ ಕಂಡಿತು: ತಂದೆಯಿಂದ ಮಗನಿಗೆ ಇಳಿದುಬಂದ ವಿದ್ಯೆಯುಳ್ಳ ಶಿಲ್ಪಿಗಳು, ಕಟ್ಟಿಸುವವನೊಡನೆ ನಿಂತು ಮಾತನಾಡಿ, ನೆಲದ ಮೇಲೆ ಗೆರೆಯೆಳೆದು, ತಮ್ಮ ಪೂರ್ವಿಕರ ಕ್ರಮವನ್ನು ಬಿಡದೆ, ಆದರೆ ಯಾವುದನ್ನೂ ನಕಲುಮಾಡದೆ, ಹೊಸ ಗುಡಿಗಳನ್ನು ಕಟ್ಟುತ್ತಿದ್ದರು. ಮಧ್ಯಯುಗದ ಯೂರೋಪಿನ ಕೆಥೀಡ್ರಲುಗಳು ಹೇಗೆ ಎದ್ದುವೆಂಬ ರಹಸ್ಯವನ್ನು ಪುಸ್ತಕಗಳಿಂದ ಕಲಿತುದಕ್ಕಿಂತ ಹೆಚ್ಚಾಗಿ ಈ ದೇಶದ ಕೆಲಸಗಾರರ ಮಾತಿನಿಂದ ಕಲಿತೆನೆಂದು ಅವರು ಮುಂದೆ ಬರೆದರು. ತಮ್ಮ ದೇಶದ ಅತ್ಯುತ್ತಮ ಕಟ್ಟಡಗಳ ಗುಟ್ಟನ್ನು ನಮ್ಮ ದೇಶದ ಒಕ್ಕಲುತನದ ಊರುಗಳಲ್ಲಿ, ಉಳಿ ಹಿಡಿದ ಜನರಿಂದ ಕಲಿತವರೆಂಬುದು ಈ ಮಹಾಶಯರ ವಿಶೇಷ.

ಇಲ್ಲಿ ಗಾಥಿಕ್ ಎಂದರೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಗಾಥರೆಂಬವರು ರೋಮನ್ನರ ಮೇಲೆ ದಂಡೆತ್ತಿಹೋದ ಜನಾಂಗದವರು. ಇಟಲಿಯ ವಿದ್ವಾಂಸರು ತಮಗೆ ಒಗ್ಗದ ಉತ್ತರದ ಕಟ್ಟಡಗಳನ್ನು ಒರಟರ ಕೆಲಸವೆಂದು ಹೀಯಾಳಿಸಲು ಆ ಹೆಸರನ್ನು ಅಂಟಿಸಿದರು. ಬೈಗುಳವೇ ಮುಂದೆ ಬಿರುದಾಯಿತು. ಈ ಶೈಲಿಯು ಪ್ಯಾರಿಸಿನ ಹತ್ತಿರದ ಸೇಂಟ್ ಡೆನಿಸ್ ಮಠದ ಚರ್ಚಿನಲ್ಲಿ, ಸೂಜೆ ಎಂಬ ಮಠಾಧಿಪತಿಯ ಕಾಲದಲ್ಲಿ, ೧೧೪೦ರಿಂದ ೧೧೪೪ರ ಒಳಗೆ ಸ್ಪಷ್ಟವಾದ ರೂಪವನ್ನು ತಾಳಿತು. ಅದಕ್ಕೆ ಹಿಂದಿನ ಚರ್ಚುಗಳಲ್ಲಿ ಕಲ್ಲಿನ ಚಾವಣಿಯ ಭಾರವನ್ನು ದಪ್ಪಗೋಡೆಗಳು ಹೊರುತ್ತಿದ್ದುವು, ಕಿಟಕಿಗಳು ಸಣ್ಣವು, ಒಳಗೆ ಕತ್ತಲೆ. ಗಾಥಿಕ್ ಶಿಲ್ಪಿಗಳು ಕಮಾನನ್ನು ಮೊನೆಯಾಗಿ ಮೇಲಕ್ಕೆಳೆದರು. ಚಾವಣಿಗೆ ಕಲ್ಲಿನ ಎಲುಬುಗಳನ್ನು ಕೊಟ್ಟು ಭಾರವನ್ನು ಕೆಲವೇ ಕಂಬಗಳಿಗೆ ಇಳಿಸಿದರು. ಕಂಬಗಳು ಹೊರಕ್ಕೆ ಜರುಗದಂತೆ ಹೊರಗಡೆಯಿಂದ ಕಲ್ಲಿನ ತೋಳುಗಳನ್ನು ಒತ್ತುಗೊಟ್ಟು ನಿಲ್ಲಿಸಿದರು. ಆಗ ಗೋಡೆಗೆ ಭಾರ ಹೊರುವ ಕೆಲಸವೇ ತಪ್ಪಿತು. ಗೋಡೆಯಿದ್ದ ಸ್ಥಳವನ್ನೆಲ್ಲ ಬಣ್ಣದ ಗಾಜು ತುಂಬಿತು. ಆಮಿಯೆನ್ಸ್ ನಗರದಲ್ಲಿ ೧೨೨೦ರಲ್ಲಿ ಮೊದಲಾದ ಕೆಥೀಡ್ರಲಿನ ಒಳಚಾವಣಿ ಸುಮಾರು ೧೪೦ ಅಡಿ ಎತ್ತರದಲ್ಲಿದೆ. ಬೋವೆ ನಗರದವರು ಅದನ್ನೂ ಮೀರಿಸಹೋಗಿ ೧೨೮೪ರಲ್ಲಿ ಚಾವಣಿ ಕುಸಿದದ್ದನ್ನು ಕಂಡರು.

ನಮ್ಮ ಶಿಲ್ಪಿಗಳಾದರೋ ಕಮಾನನ್ನು ನೆಚ್ಚಿದವರಲ್ಲ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ, ಇದೇ ಅವರ ಮಾರ್ಗ. ತೊಲೆಯು ಸುಮ್ಮನೆ ಮಲಗಿರುತ್ತದೆ, ಕಮಾನಿಗೆ ಮಾತ್ರ ನಿದ್ದೆಯಿಲ್ಲ, ಅದು ಹಗಲಿರುಳೂ ಪಕ್ಕಕ್ಕೆ ಒತ್ತುತ್ತಲೇ ಇರುತ್ತದೆ ಎಂಬ ಭಾವದ ಮಾತೊಂದು ಇಲ್ಲಿನ ಕೆಲಸಗಾರರಲ್ಲಿ ಇದ್ದುದನ್ನು ಫರ್ಗ್ಯುಸನ್ನರು ಕೇಳಿ ತಮ್ಮ ಗ್ರಂಥದಲ್ಲಿ ಸೇರಿಸಿದ್ದಾರೆ. ಗಾಥಿಕ್ ಕೆಥೀಡ್ರಲಿನ ಹೊರಗೆ ಸಾಲಾಗಿ ನಿಂತ ಆ ಕಲ್ಲಿನ ತೋಳುಗಳಿಗೆ ಇದಕ್ಕಿಂತ ಚೊಕ್ಕವಾದ ವ್ಯಾಖ್ಯಾನವನ್ನು ಯಾವ ಪಂಡಿತರೂ ಬರೆದಿಲ್ಲವೆಂದು ನಮಗೆ ತೋರುತ್ತದೆ.

ಲಂಡನ್ನಿಗೆ ಹಿಂದಿರುಗಿದ ಫರ್ಗ್ಯುಸನ್ನರು ೧೮೪೩ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂದೆ ಹಿಂದೂಸ್ಥಾನದ ಗುಹಾದೇವಾಲಯಗಳನ್ನು ಕುರಿತು ಪ್ರಬಂಧವನ್ನು ಓದಿದರು. ಅಜಂತೆಯ ಚಿತ್ರಗಳು ಹಾಳಾಗುತ್ತಿರುವುದನ್ನು ತಡೆಯಬೇಕೆಂದು ಆ ಸಂಘದವರು ಕಂಪೆನಿ ಸರ್ಕಾರಕ್ಕೆ ಬರೆದುಕೊಂಡದ್ದು ಅದರ ಫಲ. ೧೮೪೪ರಲ್ಲಿ ರಾಬರ್ಟ್ ಗಿಲ್ ಎಂಬ ಸೈನ್ಯಾಧಿಕಾರಿಗೆ ಆ ಚಿತ್ರಗಳ ಪ್ರತಿಗಳನ್ನು ತೆಗೆಯುವ ಕೆಲಸವನ್ನು ಒಪ್ಪಿಸಲಾಯಿತು. ಅವರು ವರ್ಷಾನುವರ್ಷ ಗುಹೆಗಳಲ್ಲಿ ಕುಳಿತು ಬರೆದ ಪಟಗಳಲ್ಲಿ ಬಹುಭಾಗವು ೧೮೬೬ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಯಲ್ಲಿ ಸುಟ್ಟುಹೋಯಿತು. ಈ ನಡುವೆ ಫರ್ಗ್ಯುಸನ್ನರು ಜೆರೂಸಲೇಮಿನ ಪುರಾತನ ಸ್ಥಳನಿರ್ಣಯ, ಕೋಟೆಗಳ ನಿರ್ಮಾಣ, ಸೌಂದರ್ಯದ ತತ್ವ ಇವೇ ಮೊದಲಾದ ವಿಷಯಗಳನ್ನು ಕುರಿತೂ ಗ್ರಂಥಗಳನ್ನು ಬರೆದರು. ಜೆರೂಸಲೇಮಿನ ವಿಷಯದಲ್ಲಿ ಅವರು ತಪ್ಪಿದರು. ಅಲ್ಲಿನ ಬಂಡೆಯ ಗುಮ್ಮಟವು ಮುಸಲ್ಮಾನರ ಕಟ್ಟಡವಲ್ಲ, ಕಾನ್‌ಸ್ಟಂಟೈನ್ ಚಕ್ರವರ್ತಿಯ ಚರ್ಚೇ ಅದು ಎಂದು ಕೊನೆಯವರೆಗೂ ಹಟ ಹಿಡಿದರು. ಈ ದಿನ ಆ ವಾದವನ್ನು ಒಪ್ಪುವವರಿಲ್ಲ.

೧೮೫೫ರಲ್ಲಿ ವಾಸ್ತುಶಿಲ್ಪದ ಕೈಪಿಡಿಯೂ, ೧೮೬೨ರಲ್ಲಿ ಆಧುನಿಕ ಶೈಲಿಗಳ ಚರಿತ್ರೆಯೂ ಹೊರಬಂದುವು. ಈ ಗ್ರಂಥಗಳಲ್ಲಿ ಅವರು ಪ್ರಪಂಚದ ಕಟ್ಟಡಗಳನ್ನೆಲ್ಲ ಎರಡು ಪಂಗಡ ಮಾಡಿದರು. ಕಟ್ಟುವವನು ತನ್ನ ಅಗತ್ಯವನ್ನೂ, ಕೈಯಲ್ಲಿರುವ ಸಾಮಗ್ರಿಯನ್ನೂ, ತನ್ನ ಹಿರಿಯರಿಂದ ಬಂದ ವಿದ್ಯೆಯನ್ನೂ ಮಾತ್ರ ನೆಚ್ಚಿ ಕಟ್ಟಿದುದು ನಿಜವಾದ ಶೈಲಿ. ಗ್ರೀಕರ, ಗಾಥಿಕ್ ಶಿಲ್ಪಿಗಳ, ಹಿಂದೂಗಳ, ಮುಸಲ್ಮಾನರ ಕಟ್ಟಡಗಳು ಈ ಪಂಗಡಕ್ಕೆ ಸೇರಿದುವು. ಸತ್ತುಹೋದ ಕಾಲವೊಂದರ ವೇಷವನ್ನು ಹೊಸ ಕಟ್ಟಡಕ್ಕೆ ತೊಡಿಸಿದುದು ಅನುಕರಣದ ಶೈಲಿ. ಹದಿನಾರನೆಯ ಶತಮಾನದಿಂದೀಚೆಗೆ ಯೂರೋಪಿನಲ್ಲಿ ಎದ್ದುದರಲ್ಲಿ ಹೆಚ್ಚಿನದೆಲ್ಲ ಎರಡನೆಯ ಪಂಗಡಕ್ಕೆ ಸೇರಿದುದೆಂದು ಅವರು ಎದೆಗಾರಿಕೆಯಿಂದ ಬರೆದರು.

ಇದನ್ನು ಹೇಳಿದ ಕಾಲವನ್ನು ನೋಡಿದರೆ ಅವರ ಧೈರ್ಯವು ಅರ್ಥವಾಗುವುದು. ಆಗ ಇಂಗ್ಲೆಂಡಿನಲ್ಲಿ ಗಾಥಿಕ್ಕಿನ ಹುಚ್ಚು ನೆತ್ತಿಗೇರಿತ್ತು. ೧೮೩೪ರಲ್ಲಿ ಪಾರ್ಲಿಮೆಂಟಿನ ಹಳೆಯ ಕಟ್ಟಡವು ಸುಟ್ಟುಹೋಗಲಾಗಿ ಹೊಸ ಮಂದಿರವನ್ನು ಬ್ಯಾರಿ, ಪ್ಯೂಜಿನ್ ಎಂಬವರು ಗಾಥಿಕ್ ವೇಷದಲ್ಲಿಯೇ ಕಟ್ಟಿದರು. ಜರ್ಮನಿಯ ಕೊಲೋನ್ ನಗರದವರು ೧೨೪೮ರಲ್ಲಿ ಮೊದಲಾಗಿ ಮುನ್ನೂರು ವರ್ಷ ಅರೆಗೆಲಸದಲ್ಲಿ ನಿಂತಿದ್ದ ತಮ್ಮ ಕೆಥೀಡ್ರಲನ್ನು ಮತ್ತೆ ಕೈಗೆತ್ತಿಕೊಂಡು ೧೮೮೦ರಲ್ಲಿ ಮುಗಿಸಿದರು. ರೈಲ್ವೆ ಹೋಟೆಲು, ಬ್ಯಾಂಕು, ನೀರಿನ ಪಂಪಿನ ಮನೆಗಳಿಗೂ ಮೊನೆಗಮಾನು ಬಂದಿತು. ರಸ್ಕಿನ್ ಎಂಬ ಮಹಾ ಲೇಖಕರ ವಾಗ್ಝರಿಯು ಜನರನ್ನು ಅದೇ ದಿಕ್ಕಿಗೆ ಒಯ್ಯುತ್ತಿತ್ತು. ಫರ್ಗ್ಯುಸನ್ನರು ಗಾಥಿಕ್ಕನ್ನು ದ್ವೇಷಿಸಿದವರಲ್ಲ; ಮಧ್ಯಯುಗದ ಕೆಥೀಡ್ರಲುಗಳನ್ನು ಹೊಗಳಿ ಅವರು ಬರೆದ ಅಧ್ಯಾಯಗಳು ಬಹು ದೀರ್ಘವಾಗಿವೆ. ಅವರ ಆಕ್ಷೇಪವು ನಕಲಿನ ಮೇಲೆ. ಗಾಥಿಕ್ ಶಿಲ್ಪಿಯು ತನಗೆ ಏಳುನೂರು ವರ್ಷ ಹಿಂದಿನವರಂತೆ ಕಟ್ಟಲಿಲ್ಲವಾದ್ದರಿಂದ, ಅವನನ್ನು ನಿಜವಾಗಿ ಅನುಸರಿಸುವವನು ಅವನ ಕಿಟಕಿಯನ್ನು ಕದಿಯದೆ ಅವನ ಬುದ್ಧಿಯನ್ನು ಕಲಿಯಬೇಕೆಂಬುದು ಅವರ ವಾದದ ಸಾರ.

ಈ ವಾದಕ್ಕೆ ಒಂದು ನಿದರ್ಶನವೂ ಅವರ ಕಣ್ಣೆದುರಿಗೇ ಇತ್ತು. ೧೮೫೧ರ ಮಹಾಪ್ರದರ್ಶನಕ್ಕಾಗಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕಬ್ಬಿಣ ಮತ್ತು ಗಾಜುಗಳಿಂದ ಕಟ್ಟಿದ ಕ್ರಿಸ್ಟಲ್ ಪ್ಯಾಲೇಸು ಅದು. ಉದ್ದ ೧,೮೪೮ ಅಡಿ. ಅದರ ನಕ್ಷೆಯನ್ನು ಮಾಡಿದ ಪ್ಯಾಕ್ಸ್‌ಟನ್ನರು ಮೂಲತಃ ತೋಟಗಾರರು. ಅಲ್ಲಿ ಮೊನೆಗಮಾನು ಇರಲಿಲ್ಲ, ಸಂತರ ಪ್ರತಿಮೆಗಳೂ ಇರಲಿಲ್ಲ. ಆದರೆ ಭಾರವನ್ನೆಲ್ಲ ಸಪೂರವಾದ ಕಂಬಗಳ ಹಂದರಕ್ಕೆ ಒಪ್ಪಿಸಿ, ಗೋಡೆಯನ್ನು ಬೆಳಕಿನ ಪರದೆಯನ್ನಾಗಿ ಮಾಡಿದ ಗಾಥಿಕ್ ಕ್ರಮವು ಅಲ್ಲಿ ಬೇರೆ ಸಾಮಗ್ರಿಯಿಂದ ಮತ್ತೆ ಹುಟ್ಟಿತ್ತು. ೧೮೫೪ರಲ್ಲಿ ಅದನ್ನು ಬಿಚ್ಚಿ ಸಿಡನ್‌ಹ್ಯಾಮ್ ಎಂಬಲ್ಲಿ ಮತ್ತೆ ನಿಲ್ಲಿಸಿದಾಗ ಅಸ್ಸೀರಿಯದ ಶಿಲ್ಪವನ್ನು ತೋರಿಸುವ ಅಂಕಣವನ್ನು ಸಿದ್ಧಪಡಿಸುವುದರಲ್ಲಿ ಫರ್ಗ್ಯುಸನ್ನರ ಕೈಯಿತ್ತು. ೧೮೫೬ರಿಂದ ೧೮೫೮ರವರೆಗೆ ಅವರೇ ಆ ಮಂದಿರದ ಕಂಪೆನಿಗೆ ಮುಖ್ಯ ಮೇನೇಜರಾಗಿದ್ದರು. ಗಾಜಿನ ಮನೆಯ ಲೆಕ್ಕಪತ್ರ ನೋಡುತ್ತ ಕೆಥೀಡ್ರಲುಗಳ ಚರಿತ್ರೆ ಬರೆದವರು ಅವರೊಬ್ಬರೇ ಇರಬೇಕು! ಆ ಮಂದಿರವು ೧೯೩೬ರ ನವೆಂಬರು ೩೦ರ ರಾತ್ರಿ ಪೂರ್ತಿಯಾಗಿ ಸುಟ್ಟು ಬೂದಿಯಾಯಿತು.

ಈಗ ನಮ್ಮ ನಾಡಿಗೆ ಬರೋಣ. ಫೋಟೋ ತೆಗೆಯುವ ವಿದ್ಯೆಯು ಹೊಸದಾಗಿ ಬಂದಿದ್ದ ಆ ದಿನಗಳಲ್ಲಿ ಬೊಂಬಾಯಿಯ ವೈದ್ಯ ಇಲಾಖೆಯ ಡಾಕ್ಟರ್ ಪಿಗೂ, ನೀಲ್, ಕರ್ನಲ್ ಬಿಗ್ಸ್ ಎಂಬವರು ಭಾರವಾದ ಪೆಟ್ಟಿಗೆಗಳನ್ನೂ ಗಾಜಿನ ಫಲಕಗಳನ್ನೂ ಹೊರಿಸಿಕೊಂಡು ಧಾರವಾಡ ಮೈಸೂರು ಸೀಮೆಗಳ ದೇವಸ್ಥಾನಗಳ ಚಿತ್ರಗಳನ್ನು ತೆಗೆದರು. ೧೮೬೬ರಲ್ಲಿ ಅವೆಲ್ಲ ಲಂಡನ್ನಿನಲ್ಲಿ ದೊಡ್ಡದೊಂದು ಗ್ರಂಥವಾಗಿ ಪ್ರಕಟವಾದುವು. ಅದಕ್ಕೆ ಚರಿತ್ರೆಯ ಭಾಗವನ್ನು ಬರೆದವರು ಸುರಪುರದ ಸಂಬಂಧದಿಂದ ಕನ್ನಡಿಗರಿಗೆ ಪರಿಚಿತರಾದ ಮೆಡೋಸ್ ಟೇಲರರು. ಶಿಲ್ಪದ ಟಿಪ್ಪಣಿಗಳನ್ನು ಬರೆದವರು ಫರ್ಗ್ಯುಸನ್ನರು. ಹಳೇಬೀಡು, ಬೇಲೂರುಗಳ ಜತೆಯಲ್ಲಿ ಬಳ್ಳಿಗಾವೆಯ ಚಿತ್ರಗಳೂ ಅದರಲ್ಲಿ ಸೇರಿದ್ದುವು. ಊರಿನವರು ಎತ್ತು ಕಟ್ಟಿ ದಾಟಿಹೋಗುತ್ತಿದ್ದ ಕಲ್ಲುಗಳನ್ನು ಲಂಡನ್ನಿನ ಪಂಡಿತರು ದೀಪದ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡುವಂತಾಯಿತು. ಈ ಸೀಮೆಯ ಶೈಲಿಗೆ ಚಾಲುಕ್ಯವೆಂಬ ಹೆಸರನ್ನು ರೂಢಿಗೆ ತಂದವರೂ ಫರ್ಗ್ಯುಸನ್ನರೇ. ಹೊಯ್ಸಳವೆಂದು ಬೇರೆಯಾಗಿ ಹೇಳುವುದು ಆಮೇಲಿನ ಮಾತು.

ಅವರ ಮುಖ್ಯಗ್ರಂಥವಾದ ಹಿಂದೂಸ್ಥಾನದ ಮತ್ತು ಪೂರ್ವದೇಶಗಳ ವಾಸ್ತುಶಿಲ್ಪದ ಚರಿತ್ರೆಯು ೧೮೭೬ರಲ್ಲಿ ಪ್ರಕಟವಾಯಿತು. ಅದರಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನವನ್ನು ಕುರಿತು ಬರೆದಿರುವ ಪುಟಗಳು ಅವರ ಬರಹದಲ್ಲೆಲ್ಲ ಶ್ರೇಷ್ಠವಾದುವೆಂದು ನಮ್ಮ ಅಭಿಪ್ರಾಯ. ಅಡಿಗಲ್ಲಿನ ಮೇಲಣ ಆನೆಗಳ ಸಾಲೊಂದೇ ೭೧೦ ಅಡಿ ಉದ್ದವೆಂದೂ, ಅದರಲ್ಲಿ ೨,೦೦೦ಕ್ಕೆ ಕಡಮೆಯಿಲ್ಲದ ಆನೆಗಳಿವೆಯೆಂದೂ ಲೆಕ್ಕ ಕೊಟ್ಟು, ಎರಡು ಮುಖಗಳು ಒಂದೇ ರೀತಿಯಾಗಿಲ್ಲ, ಬಳ್ಳಿಯ ಒಂದು ಸುರುಳಿಯಂತೆ ಇನ್ನೊಂದಿಲ್ಲವೆಂದು ಅವರು ಬೆರಗಾಗುತ್ತಾರೆ. ಅಲ್ಲಿಂದ ಮುಂದೆ ಎರಡು ಹೋಲಿಕೆಗಳನ್ನು ಮಾಡುತ್ತಾರೆ. ಗ್ರೀಕರ ಪಾರ್ಥೆನಾನ್ ಮಂದಿರವೂ ಹಳೇಬೀಡೂ ಶಿಲ್ಪಕಲೆಯ ಎರಡು ತುದಿಗಳು. ಒಂದು ಬುದ್ಧಿಯ ಸಂಯಮಕ್ಕೆ ನಿದರ್ಶನ. ಇನ್ನೊಂದು ಮನುಷ್ಯಹೃದಯದ ಸಮಸ್ತ ಭಾವಗಳ ಉಕ್ಕಿಗೆ ನಿದರ್ಶನ. ಎರಡೂ ತಮ್ಮ ತಮ್ಮ ದಾರಿಯಲ್ಲಿ ಪರಿಪೂರ್ಣ. ಗಾಥಿಕ್ಕಿನೊಡನೆ ಮಾಡಿದ ಹೋಲಿಕೆ ಇನ್ನೂ ಮುಂದೆ ಹೋಗುತ್ತದೆ. ಅಡ್ಡಗೆರೆಗಳನ್ನೂ ನೀಟಗೆರೆಗಳನ್ನೂ ಬೆಸೆಯುವುದರಲ್ಲಿ, ನೆಳಲುಬೆಳಕಿನ ಆಟದಲ್ಲಿ, ಹೊರರೇಖೆಯ ವೈವಿಧ್ಯದಲ್ಲಿ ಮಧ್ಯಯುಗದ ಯೂರೋಪಿನ ಶಿಲ್ಪಿಗಳು ಯಾವುದನ್ನು ಬಯಸಿ ಬಯಸಿ ಪೂರ್ತಿಯಾಗಿ ಸಾಧಿಸಲಾರದೆ ಹೋದರೋ ಅದನ್ನು ಹಳೇಬೀಡಿನವರು ಸಾಧಿಸಿದ್ದಾರೆಂದು ಅವರು ತೀರ್ಪು ಕೊಟ್ಟರು. ಗಾಥಿಕ್ಕನ್ನು ಪೂಜಿಸುತ್ತಿದ್ದ ಲಂಡನ್ನಿನ ನಡುವೆ ಕುಳಿತು ಹೇಳಿದ ಮಾತಿದು. ಗುಡಿಯು ಪೂರ್ತಿಯಾಗದೆ, ಶಿಖರಗಳೇರದೆ ನಿಂತುಹೋಯಿತಲ್ಲಾ ಎಂಬ ದುಃಖವನ್ನೂ ಅವರು ಮರೆಮಾಡಲಿಲ್ಲ.

ಬಳಪದ ಕಲ್ಲಿನ ಗುಣವನ್ನು ಬಲ್ಲವರಿಗೆ ಈ ಹೋಲಿಕೆಯಲ್ಲಿ ಒಂದು ಸ್ವಾರಸ್ಯ ಕಾಣುವುದು. ಬಳ್ಳಿಗಾವೆಯ ಕೇದಾರೇಶ್ವರವೂ ಹಳೇಬೀಡೂ ಈ ಮೆದುವಾದ ಕಲ್ಲಿನಿಂದಲೇ ಆದುವು. ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಸಿಕ್ಕಿ, ಗಾಳಿಬಿಸಿಲಿಗೆ ಬಿದ್ದಮೇಲೆ ಗಟ್ಟಿಯಾಗುವುದು ಅದರ ಸ್ವಭಾವ. ಫ್ರಾನ್ಸಿನ ಸುಣ್ಣಗಲ್ಲಿಗೆ ಮೇಲಕ್ಕೆ ಏರುವ ಆಸೆ ಇದ್ದಂತೆ ನಮ್ಮ ಬಳಪದ ಕಲ್ಲಿಗೆ ಒಳಕ್ಕೆ ಇಳಿಯುವ ಆಸೆ. ಶಿಲ್ಪಿಯು ಎರಡು ಕಡೆಯಲ್ಲಿಯೂ ಕಲ್ಲಿನ ಮಾತನ್ನು ಕೇಳಿದನು.

ಇಂಥ ಕಣ್ಣುಳ್ಳವರು ಒಂದು ವಿಷಯದಲ್ಲಿ ಕುರುಡರಾದರು. ಬಂಗಾಳದ ರಾಜೇಂದ್ರಲಾಲ ಮಿತ್ರರು ಸಂಸ್ಕೃತದಲ್ಲಿಯೂ ಪುರಾತನ ಶೋಧನೆಯಲ್ಲಿಯೂ ಮಹಾವಿದ್ವಾಂಸರು. ಒರಿಸ್ಸದ ದೇವಾಲಯಗಳನ್ನು ಕುರಿತು ೧೮೭೫ರಲ್ಲಿಯೂ ೧೮೮೦ರಲ್ಲಿಯೂ ಎರಡು ಸಂಪುಟಗಳನ್ನು ಅವರು ಬರೆದರು. ಹಿಂದೂಗಳು ಕಲ್ಲಿನಲ್ಲಿ ಕಟ್ಟುವುದನ್ನು ಗ್ರೀಕರ ಸಂಪರ್ಕದಿಂದ ಕಲಿತರು, ಅದಕ್ಕೆ ಮೊದಲು ಅವರದೆಲ್ಲ ಮರದ ಕೆಲಸ ಎಂಬ ಫರ್ಗ್ಯುಸನ್ನರ ಅಭಿಪ್ರಾಯವನ್ನು ಅವರು ಪ್ರಮಾಣಸಹಿತವಾಗಿ ಪ್ರಶ್ನಿಸಿದರು. ವಿದ್ವಾಂಸರಲ್ಲಿ ಇಂಥ ಚರ್ಚೆ ನಡೆಯತಕ್ಕದ್ದೇ. ಆದರೆ ೧೮೮೪ರಲ್ಲಿ ಫರ್ಗ್ಯುಸನ್ನರು ಉತ್ತರವಾಗಿ ಪ್ರಕಟಿಸಿದ ಪುಸ್ತಕದಲ್ಲಿ ವಾದವು ಕಲ್ಲನ್ನು ಬಿಟ್ಟು ಮನುಷ್ಯನ ಮೇಲೆ ಹರಿಯಿತು. ಹಿಂದೂಸ್ಥಾನದ ನ್ಯಾಯಾಧೀಶರು ಯೂರೋಪಿಯನ್ನರನ್ನು ವಿಚಾರಣೆ ಮಾಡಬಹುದೇ ಎಂಬ ಇಲ್ಬರ್ಟ್ ಮಸೂದೆಯ ಗದ್ದಲವು ಆಗ ತಾನೇ ಎದ್ದಿತ್ತು. ಫರ್ಗ್ಯುಸನ್ನರು ಮಿತ್ರರ ಪಾಂಡಿತ್ಯವನ್ನು ಹೀಗಳೆದುದಲ್ಲದೆ, ಈ ಜನರಿಗೆ ತೀರ್ಪು ಕೊಡುವ ಯೋಗ್ಯತೆಯೇ ಇಲ್ಲವೆಂಬುದಕ್ಕೆ ಅವರನ್ನೇ ಉದಾಹರಣೆಯಾಗಿ ಮುಂದಿಟ್ಟರು. ಓದು ಬರಹವಿಲ್ಲದ ಶಿಲ್ಪಿಯನ್ನು ಗುರುವೆಂದು ಒಪ್ಪಿದ ಮಹಾಶಯರಿಗೆ ಅದೇ ದೇಶದ ಓದಿದವನು ಎದುರು ಕುಳಿತು ವಾದಿಸುವುದನ್ನು ಸಹಿಸಲಾಗಲಿಲ್ಲ. ಉಳಿ ಹಿಡಿದ ಕೈಯನ್ನು ಹೊಗಳುವುದು ಸುಲಭ; ಲೇಖನಿ ಹಿಡಿದ ಕೈಗೆ ಜಾಗ ಬಿಡುವುದು ಕಷ್ಟವಾಯಿತು. ಮರುವರ್ಷ, ೧೮೮೫ರಲ್ಲಿ, ರಾಜೇಂದ್ರಲಾಲ ಮಿತ್ರರು ಬಂಗಾಳದ ಏಷಿಯಾಟಿಕ್ ಸೊಸೈಟಿಗೆ ಅಧ್ಯಕ್ಷರಾದರು. ಆ ಪೀಠವನ್ನೇರಿದ ಹಿಂದೂಸ್ಥಾನೀಯರಲ್ಲಿ ಅವರೇ ಮೊದಲಿಗರು.

ಫರ್ಗ್ಯುಸನ್ನರಿಗೆ ಬಂದ ಗೌರವಗಳನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ೧೮೬೩ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ೧೮೭೧ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಘವು ಅವರಿಗೆ ಚಿನ್ನದ ಪದಕವನ್ನಿತ್ತಿತು. ಮರಗಳ ಮತ್ತು ಸರ್ಪಗಳ ಪೂಜೆಯನ್ನು ಕುರಿತ ಅವರ ಗ್ರಂಥವು ೧೮೬೮ರಲ್ಲಿಯೂ, ಬರ್ಗೆಸರೊಡನೆ ಸೇರಿ ಬರೆದ ಗುಹಾದೇವಾಲಯಗಳ ಗ್ರಂಥವು ೧೮೮೦ರಲ್ಲಿಯೂ ಬಂದುವು. ೧೮೮೬ರ ಜನವರಿ ೯ರಂದು, ಎಪ್ಪತ್ತೆಂಟು ವರ್ಷ ತುಂಬಲು ಕೆಲವೇ ದಿನಗಳಿರುವಾಗ, ಅವರು ಲಂಡನ್ನಿನಲ್ಲಿ ತೀರಿಕೊಂಡರು.

ಅವರು ಹೋದ ಮೇಲೆ ಗಾಥಿಕ್ ಏನಾಯಿತು? ವೇಷವೂ ಉಳಿಯಿತು, ಬುದ್ಧಿಯೂ ಉಳಿಯಿತು. ಎರಡೂ ಬೇರೆ ಬೇರೆ ದಾರಿ ಹಿಡಿದುವು. ರಸ್ಕಿನ್ನರ ಶಿಷ್ಯವರ್ಗಕ್ಕೆ ಸೇರಿದ ವಿಲಿಯಂ ಮಾರಿಸ್ಸರು ಮಧ್ಯಯುಗದ ಕೆಲಸಗಾರನ ಪ್ರಾಮಾಣಿಕತೆಯನ್ನು ಕುರ್ಚಿ, ಮೇಜು, ಬಟ್ಟೆ, ಪುಸ್ತಕಗಳಿಗೆ ತಂದರು. ಕೀಲನ್ನು ಮುಚ್ಚಿಡದ ಕುರ್ಚಿ, ಮರವನ್ನು ಅಮೃತಶಿಲೆಯೆಂದು ತೋರಿಸಹೋಗದ ಬಾಗಿಲು, ಇವು ಆ ಪಾಠದ ಫಲ. ಜರ್ಮನಿಯ ವೈಮಾರಿನಲ್ಲಿ ೧೯೧೯ರಲ್ಲಿ ಬೌಹೌಸ್ ಎಂಬ ಕಲಾಶಾಲೆಯು ಹುಟ್ಟಿದಾಗ ಅದರ ಪ್ರಕಟಣಪತ್ರದ ಮುಖದ ಮೇಲೆ ಅಚ್ಚಾದುದು ಕೆಥೀಡ್ರಲೊಂದರ ಚಿತ್ರ. ಆದರೆ ಆ ಶಾಲೆಯವರು ಕಟ್ಟಿದ ಮನೆಗಳಲ್ಲಿ ಮೊನೆಗಮಾನಿನ ಸುಳಿವಿಲ್ಲ; ಹಂದರ, ಗಾಜು, ಬೆಳಕು, ಇಷ್ಟೆ. ಅದೇ ಸಮಯದಲ್ಲಿ ನ್ಯೂಯಾರ್ಕಿನವರು ೧೯೧೩ರಲ್ಲಿ ೭೯೨ ಅಡಿ ಎತ್ತರದ ವುಲ್‌ವರ್ತ್ ಕಟ್ಟಡದ ಉಕ್ಕಿನ ಹಂದರಕ್ಕೆ ಗಾಥಿಕ್ ಅಂಗಿಯನ್ನು ತೊಡಿಸಿದರು. ಒಳಗೆ ಗಾಥಿಕ್ ಬುದ್ಧಿ, ಹೊರಗೆ ಗಾಥಿಕ್ ವೇಷ. ಫರ್ಗ್ಯುಸನ್ನರು ಬದುಕಿದ್ದರೆ ಅದನ್ನು ಯಾವ ಪಂಗಡಕ್ಕೆ ಸೇರಿಸುತ್ತಿದ್ದರೋ! ಈಗ ಬೆಂಗಳೂರಿನಲ್ಲಿ ಸಾಲುಸಾಲಾಗಿ ಎದ್ದಿರುವ ಗಾಜಿನ ಗೋಪುರಗಳೂ ದೂರದ ವಂಶಸಂಬಂಧದಿಂದ ಸೇಂಟ್ ಡೆನಿಸಿನ ಮಕ್ಕಳೇ. ಸೂರ್ಯನನ್ನು ಕಾಣದ ನಾಡಿನವರು ಬೆಳಕಿಗಾಗಿ ಹಂಬಲಿಸಿ ಕಂಡುಹಿಡಿದ ಗಾಜಿನ ಗೋಡೆಯನ್ನು ನಾವು ಉರಿಬಿಸಿಲಿಗೆ ಒಡ್ಡಿ, ಒಳಗೆ ಯಂತ್ರದಿಂದ ತಂಪು ಮಾಡಿಕೊಳ್ಳುತ್ತಿರುವುದು ಮಾತ್ರ ಆ ಶಿಲ್ಪಿಗಳಿಗೆ ಅರ್ಥವಾಗುತ್ತಿರಲಿಲ್ಲ.

ಕನ್ನಡನಾಡಿನಲ್ಲಿ ಗಾಥಿಕ್ ವೇಷದ ಮಂದಿರಗಳು ಹಲವು. ೧೮೮೨ರಲ್ಲಿ ಮುಗಿದ ಬೆಂಗಳೂರಿನ ಸಂತ ಮೇರಿಯ ಬೆಸಿಲಿಕವೂ, ಕೊಲೋನಿನ ಮಾದರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ೧೯೩೩ರಲ್ಲಿ ಅಸ್ತಿಭಾರವನ್ನಿಟ್ಟ ಮೈಸೂರಿನ ಸಂತ ಫಿಲೋಮಿನಾ ಕೆಥೀಡ್ರಲೂ ಅವುಗಳಲ್ಲಿ ಪ್ರಸಿದ್ಧವಾದುವು. ಮೈಸೂರಿನ ಜೋಡಿ ಗೋಪುರಗಳು ೧೭೫ ಅಡಿ ಎತ್ತರವಾಗಿವೆ. ಅನುಕರಣವೆಂದು ಫರ್ಗ್ಯುಸನ್ನರ ಶಾಸ್ತ್ರವು ಹೇಳಬಹುದು. ಆದರೆ ಸಂಜೆಯ ಬೆಳಕಿನಲ್ಲಿ ಅವುಗಳನ್ನು ನೋಡಿದವರು ಆ ಶಾಸ್ತ್ರವನ್ನು ಅಷ್ಟು ಬಿಗಿಯಾಗಿ ಹಿಡಿಯಲಾರರು. ಇನ್ನು ಅವರು ನಿಜವಾದ ಶೈಲಿಯೆಂದು ಕರೆದುದರ ಎಳೆಯೊಂದು ಸೊರಬದಲ್ಲಿಯೂ ಸಾಗರದಲ್ಲಿಯೂ ಈಗಲೂ ಇದೆ. ಶ್ರೀಗಂಧದ ಕೆತ್ತನೆಯ ಗುಡಿಗಾರರು ತಂದೆಯ ಮಗ್ಗುಲಲ್ಲಿ ಕುಳಿತು ಉಳಿ ಹಿಡಿಯುವುದನ್ನು ಕಲಿತು, ಹಳೆಯ ಬಳ್ಳಿಯನ್ನೇ ಹೊಸ ಪೆಟ್ಟಿಗೆಯ ಮೇಲೆ ಬೇರೆಯಾಗಿ ಹಬ್ಬಿಸುತ್ತ ಬಂದವರು. ಫರ್ಗ್ಯುಸನ್ನರು ಉತ್ತರದೇಶದ ಶಿಲ್ಪಿಗಳಲ್ಲಿ ಕಂಡ ವಿದ್ಯೆಯ ಕ್ರಮವೇ ಇದು. ಅವರ ಹೆಸರಿನಲ್ಲಿಯೇ ಗುಡಿಯಿದೆ.

ಕೆಥೀಡ್ರಲನ್ನು ಕಟ್ಟಿದವರು ಹೆಸರಿಲ್ಲದವರೆಂಬುದು ಬಹುಕಾಲದ ನಂಬಿಕೆ. ಅದು ಪೂರ್ತಿಯಾಗಿ ನಿಜವಲ್ಲ. ಆಮಿಯೆನ್ಸ್ ಕೆಥೀಡ್ರಲಿನ ನೆಲದಲ್ಲಿ ೧೨೮೮ರಲ್ಲಿ ಬಿಡಿಸಿದ ಸುತ್ತುಬಳಸಿನ ಚಕ್ರದ ನಡುವೆ ಅದರ ಶಿಲ್ಪಿಗಳಾದ ರಾಬರ್ಟ್ ಡಿ ಲೂಸಾರ್ಷ್, ಥಾಮಸ್ ಡಿ ಕಾರ್ಮಾಂಟ್, ಅವನ ಮಗ ರೆನೋ, ಈ ಮೂವರನ್ನೂ ಕಾಣಿಸಿದ್ದರು. ನಮ್ಮಲ್ಲಿಯೂ ಹಾಗೆಯೇ. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಸ್ಥಾನದ ಮದನಿಕೆಯರ ಅಡಿಯಲ್ಲಿ ಕೆತ್ತಿದವರು ತಮ್ಮ ಹೆಸರು, ಊರು, ಬಿರುದುಗಳನ್ನು ಬರೆದಿದ್ದಾರೆ. ಫರ್ಗ್ಯುಸನ್ನರು ಆ ಶಿಲ್ಪವನ್ನು ಹೊಗಳಿ ಬರೆದಾಗ ಈ ಚಿಕ್ಕ ಅಕ್ಷರಗಳನ್ನು ಓದಿ ಕ್ರಮವಾಗಿ ಅಚ್ಚುಹಾಕಿಸಿದವರು ಇನ್ನೂ ಇರಲಿಲ್ಲ. ಕನ್ನಡ ಕವಿಗಳ ಚರಿತ್ರೆಯನ್ನು ಬರೆದ ಆರ್. ನರಸಿಂಹಾಚಾರ್ಯರು ಮೈಸೂರು ಪ್ರಾಚ್ಯಶೋಧನೆಯ ಇಲಾಖೆಯಿಂದ ೧೯೧೯ರಲ್ಲಿ ಬೇಲೂರಿನ ಗುಡಿಯನ್ನು ಕುರಿತ ಪುಸ್ತಕವನ್ನು ಹೊರತಂದಾಗ ಆ ಶಿಲ್ಪಿಗಳ ಹೆಸರುಗಳೆಲ್ಲ ಅದರಲ್ಲಿ ಸಾಲಾಗಿ ಬಂದುವು. ಅವರಲ್ಲಿ ಇಬ್ಬರು, ತಂದೆ ದಾಸೋಜನೂ ಮಗ ಚಾವಣನೂ, ಬಳ್ಳಿಗಾವೆಯವರು.